ಅಂತರಿಕ್ಷದಲ್ಲಿ ವಿದ್ಯುದುತ್ಪಾದನೆ: ಎಂ.ಎಚ್.ಡಿ. ಜನಕದ ತತ್ತ್ವ

ವಿದ್ಯುತ್ತಿಲ್ಲದ ಉಪಗ್ರಹವು ಪ್ರಾಣವಿಲ್ಲದ ದೇಹದಂತೆ. ಉಡುಪಿಯ ಸೀಮೆಯ ಅದಮಾರಿನಲ್ಲಿ 1932ರಲ್ಲಿ ಜನಿಸಿದ ಪ್ರೊ. ಯು. ಆರ್. ರಾವ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಸಿದ್ಧವಾದ ‘ಆರ್ಯಭಟ’ವು 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ಟಿನ ಮೂಲಕ ಕಕ್ಷೆಗೇರಿತು. ಸುಮಾರು 360 ಕಿಲೋಗ್ರಾಂ ತೂಕದ ಆ ಉಪಗ್ರಹಕ್ಕೆ ಸೌರಕೋಶಗಳಿಂದ ದೊರೆಯುತ್ತಿದ್ದುದು ಸುಮಾರು 46 ವಾಟ್ ಮಾತ್ರ. ಹಳೆಯ ಮಾದರಿಯ 40 ವಾಟ್ ಬಲ್ಬೊಂದನ್ನು ಬೆಳಗಿಸಲು ಸಾಲುವಷ್ಟು. ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆಯ ದೋಷದಿಂದಾಗಿ ಅದರ ವೈಜ್ಞಾನಿಕ ಪ್ರಯೋಗಗಳು ನಿಂತುಹೋದವು.

ಸೌರಕೋಶಗಳಿಗೂ ಮಿತಿಯುಂಟು. ಸೂರ್ಯನಿಂದ ಐದು ಪಟ್ಟಿಗೂ ಹೆಚ್ಚು ದೂರದಲ್ಲಿರುವ ಗುರುಗ್ರಹದ ಬಳಿ ಬಿಸಿಲಿನ ಶಕ್ತಿಯು ಭೂಮಿಯಲ್ಲಿರುವುದರ ಸುಮಾರು ಇಪ್ಪತ್ತೇಳನೆಯ ಒಂದು ಪಾಲು. ಅಲ್ಲಿ ಲಕ್ಷಗಟ್ಟಲೆ ವಾಟ್ ಬೇಕಾದರೆ ಪರಮಾಣು ಸ್ಥಾವರದ ಶಾಖವನ್ನು ವಿದ್ಯುತ್ತಾಗಿ ಮಾರ್ಪಡಿಸಬೇಕಾಗುತ್ತದೆ. ಇದಕ್ಕೆ ವಿಜ್ಞಾನಿಗಳು ಚಿಂತಿಸಿದ ಮಾರ್ಗಗಳಲ್ಲೊಂದು ಮ್ಯಾಗ್ನೆಟೊಹೈಡ್ರೊಡೈನಮಿಕ್, ಅಂದರೆ ಎಂ.ಎಚ್.ಡಿ. ಜನಕ.

ಸಾಮಾನ್ಯ ಜನಕದಲ್ಲಿ ಕಾಂತಕ್ಷೇತ್ರದ ನಡುವೆ ತಾಮ್ರದ ಸುರುಳಿ ತಿರುಗುತ್ತದೆ. ಇಲ್ಲಿ ಸುರುಳಿಯ ಸ್ಥಾನದಲ್ಲಿ ಸುಡುವ ಅನಿಲವೇ ಹರಿಯುತ್ತದೆ. ಪೊಟ್ಯಾಸಿಯಂ ಅಥವಾ ಸೀಸಿಯಂ ಬೆರೆಸಿ ತೀವ್ರವಾಗಿ ಕಾಯಿಸಿದ ಅನಿಲದಲ್ಲಿ ಎಲೆಕ್ಟ್ರಾನುಗಳು ಬಿಡುಗಡೆಗೊಂಡು ಅದು ವಿದ್ಯುದ್ವಾಹಕವಾಗುತ್ತದೆ. ಅದು ಕಾಂತಕ್ಷೇತ್ರವನ್ನು ಅಡ್ಡಹಾಯುವಾಗ ಧನ ಮತ್ತು ಋಣ ಕಣಗಳು ನಾಳದ ಎದುರುಬದುರು ಗೋಡೆಗಳತ್ತ ಸರಿಯುತ್ತವೆ. ಅಲ್ಲಿಯ ಫಲಕಗಳಿಂದ ವಿದ್ಯುತ್ತನ್ನು ಪಡೆಯಬಹುದು. 1832ರಲ್ಲಿ ಫ್ಯಾರಡೆಯು ಥೇಮ್ಸ್ ನದಿಯ ಹರಿವಿನಿಂದಲೇ ಇದನ್ನು ಪರೀಕ್ಷಿಸಲು ಯತ್ನಿಸಿದ್ದನು. ಭಾರತದಲ್ಲಿ 1980ರ ದಶಕದಲ್ಲಿ ತಿರುಚಿರಾಪಳ್ಳಿಯಲ್ಲಿ ಪ್ರಾಯೋಗಿಕ ಸ್ಥಾವರವೊಂದು ನಡೆಯಿತು.

ಆದರೆ ಅಂತರಿಕ್ಷದಲ್ಲಿ ನಿಜವಾದ ತೊಡಕು ಮಿಕ್ಕ ಶಾಖದ ವಿಸರ್ಜನೆ. ಅದಮಾರಿಗೆ ಸಮೀಪದ, ಕಾಪು ತಾಲ್ಲೂಕಿನ ಎಲ್ಲೂರಿನಲ್ಲಿ 1,200 ಮೆಗಾವಾಟ್ ಸಾಮರ್ಥ್ಯದ ಉಷ್ಣ ವಿದ್ಯುತ್ ಸ್ಥಾವರವು ಸಮುದ್ರದ ನೀರು ಮತ್ತು ಗಾಳಿಯ ನೆರವಿನಿಂದ ಮಿಕ್ಕ ಶಾಖವನ್ನು ಕಳೆದುಕೊಳ್ಳುತ್ತದೆ. ಅಂತರಿಕ್ಷದಲ್ಲಿ ಕಡಲೂ ಇಲ್ಲ, ಗಾಳಿಯೂ ಇಲ್ಲ. ಶಾಖವು ವಿಕಿರಣದಿಂದಲೇ ಹೊರಹೋಗಬೇಕು. ನಿರಪೇಕ್ಷ ತಾಪವು ಇಮ್ಮಡಿಯಾದರೆ ವಿಕಿರಣವು ಹದಿನಾರು ಪಟ್ಟಾಗುವುದರಿಂದ, ಹೆಚ್ಚಿನ ತಾಪದಲ್ಲಿ ಶಾಖವನ್ನು ಬಿಟ್ಟರೆ ಚಿಕ್ಕ ಫಲಕವೇ ಸಾಕು. ಆದರೆ ಹಾಗೆ ಮಾಡಿದಾಗ ದಕ್ಷತೆ ಕುಗ್ಗದಿರಬೇಕಾದರೆ ಆರಂಭದ ತಾಪವನ್ನೂ ಏರಿಸಬೇಕು. ತಿರುಗುವ ಅಲಗುಗಳುಳ್ಳ ಟರ್ಬೈನು ಅಷ್ಟು ತಾಪವನ್ನು ತಾಳಲಾರದು. ಚಲಿಸುವ ಭಾಗಗಳಿಲ್ಲದ ಎಂ.ಎಚ್.ಡಿ. ನಾಳವು ಹೆಚ್ಚು ತಾಳಬಲ್ಲುದು. ಅದರ ಹಿರಿಮೆ ಇಲ್ಲಿದೆ.

ಆದರೂ ಕಾಂತದ ಭಾರ ಮತ್ತು ನಾಳದ ಸವೆತಗಳಿಂದಾಗಿ ಈ ಜನಕವು ಇನ್ನೂ ಪ್ರಯೋಗಾಲಯವನ್ನು ದಾಟಿ ಅಂತರಿಕ್ಷದ ನಿತ್ಯಬಳಕೆಗೆ ಬಂದಿಲ್ಲ. ಅದರ ಮೂಲತತ್ತ್ವವನ್ನಾದರೋ ಯಾವ ಪ್ರೌಢಶಾಲೆಯಲ್ಲಿಯೂ ಒಂದು ಕಾಂತ, ಒಂದು ಸುರುಳಿ ಮತ್ತು ಒಂದು ಗ್ಯಾಲ್ವನೋಮೀಟರಿನಿಂದ ತೋರಿಸಬಹುದು. ಮುಳ್ಳು ಅಲುಗಿದ ಕ್ಷಣದಲ್ಲಿಯೇ ವಿದ್ಯಾರ್ಥಿಯ ಅಂತರಿಕ್ಷಯಾನದ ಪಾಠವು ಆರಂಭವಾಗುತ್ತದೆ.