ಹಾಸ್ಟೆಲಿನ ಮೊದಲ ಮಳೆಗಾಲ: ಕೆಲವು ಪೂರ್ವಸಿದ್ಧತೆಗಳು

ಮುಂಬಯಿಯಲ್ಲಿ ಬಹುಪಾಲು ಕಾಲೇಜುಗಳ ಬಾಗಿಲು ತೆರೆಯುವುದು ಮಳೆಗಾಲದಲ್ಲಿಯೇ. ಪೊವಾಯಿಯ ಐ.ಐ.ಟಿ., ಮಾಟುಂಗದ ವಿ.ಜೆ.ಟಿ.ಐ. ಮೊದಲಾದ ಸಂಸ್ಥೆಗಳ ವಿದ್ಯಾರ್ಥಿನಿಲಯಗಳಿಗೆ ಕನ್ನಡ ನಾಡಿನಿಂದಲೂ ಮಕ್ಕಳು ಬರುತ್ತಾರೆ. ಹಾಸಿಗೆ, ಬಟ್ಟೆಬರೆ, ಉಪ್ಪಿನಕಾಯಿಯ ಭರಣಿ ಎಲ್ಲವನ್ನೂ ತಂದೆತಾಯಿಗಳು ಅಕ್ಕರೆಯಿಂದ ಕಟ್ಟಿಕೊಡುತ್ತಾರೆ. ಆದರೆ ಹಣೆ ಮುಟ್ಟಿ ಜ್ವರವನ್ನು ಗುರುತಿಸುವ ತಾಯಿಯ ಕೈಯನ್ನು ಪೆಟ್ಟಿಗೆಯಲ್ಲಿ ಕಟ್ಟಿಕೊಡಲಾಗದು. ಆ ಕೈಯ ಕೆಲಸವನ್ನು ಹೊರಡುವ ಮುನ್ನವೇ ಮಕ್ಕಳಿಗೆ ಕಲಿಸಬೇಕು. ಪೂರ್ವಸಿದ್ಧತೆಯ ಮುಖ್ಯ ಭಾಗ ಇದೇ.

ಹೊರಡುವ ಮುನ್ನ

ಪ್ರಯಾಣಕ್ಕೆ ಕೆಲವು ವಾರಗಳ ಮೊದಲೇ ಕುಟುಂಬದ ವೈದ್ಯರನ್ನು ಕಾಣತಕ್ಕದ್ದು. ಧನುರ್ವಾಯು, ಟೈಫಾಯಿಡ್, ಹೆಪಟೈಟಿಸ್-ಬಿ ಲಸಿಕೆಗಳು ಪೂರ್ಣಗೊಂಡಿವೆಯೇ ಎಂದು ವಿಚಾರಿಸಬೇಕು. ರಕ್ತದ ಗುಂಪು, ಒಗ್ಗದ ಔಷಧಿಗಳು, ಹಳೆಯ ಕಾಯಿಲೆ, ನಿತ್ಯ ಸೇವಿಸುವ ಔಷಧಿ, ಇಬ್ಬರು ಆಪ್ತರ ದೂರವಾಣಿ ಸಂಖ್ಯೆ ಇವಿಷ್ಟನ್ನು ಒಂದು ಚೀಟಿಯಲ್ಲಿ ಬರೆದು, ಒಂದು ಪ್ರತಿಯನ್ನು ವಾರ್ಡನರಿಗೂ ಇನ್ನೊಂದನ್ನು ಜೊತೆಗಾರನಿಗೂ ಕೊಡುವುದು ಲೇಸು. ಉಷ್ಣಮಾಪಕ, ಪ್ಯಾರಾಸಿಟಮಾಲ್, ಓ.ಆರ್.ಎಸ್. ಪೊಟ್ಟಣ, ಸೊಳ್ಳೆಪರದೆ ಇವು ಪೆಟ್ಟಿಗೆಯಲ್ಲಿರಲಿ. ಚಿಕಿತ್ಸೆಗೆಂದೇ ಸ್ವಲ್ಪ ಹಣವನ್ನೂ ಪ್ರತ್ಯೇಕವಾಗಿಡಬೇಕು.

ಕೋಣೆಯಲ್ಲಿ

ಮುಂಬಯಿಯಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸೊಳ್ಳೆಯು ಮಾಳಿಗೆಯ ನೀರಿನ ತೊಟ್ಟಿ, ಬಾವಿಗಳಂತಹ ಶುದ್ಧ ನೀರಿನಲ್ಲಿ ಬೆಳೆದು ರಾತ್ರಿಯಲ್ಲಿ ಕಚ್ಚುತ್ತದೆ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಯು ಹಗಲಿನಲ್ಲಿ ಕಚ್ಚುತ್ತದೆ. ಆದುದರಿಂದ ರಾತ್ರಿಗೆ ಪರದೆ, ಹಗಲಿಗೆ ತುಂಬುತೋಳಿನ ಉಡುಪು ಎರಡೂ ಬೇಕು. ಬಕೆಟ್ಟು, ಹೂಕುಂಡದ ತಟ್ಟೆಗಳಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆಯಾದರೂ ಚೆಲ್ಲಿ, ಪಾತ್ರೆಯನ್ನು ಉಜ್ಜಿ ಒಣಗಿಸಬೇಕು.

ಜ್ವರ ಬಂದಾಗ

ಪರೀಕ್ಷೆ ಹತ್ತಿರವಿದೆಯೆಂದೋ ಮನೆಯವರು ಗಾಬರಿಯಾದಾರೆಂದೋ ಜ್ವರವನ್ನು ಮುಚ್ಚಿಡುವುದು ವಿದ್ಯಾರ್ಥಿಗಳ ಸಾಮಾನ್ಯ ತಪ್ಪು. ಫಾಲ್ಸಿಪಾರಮ್ ಮಲೇರಿಯಾ ಚಿಕಿತ್ಸೆಯಿಲ್ಲದೆ ಬಹುಬೇಗ ಪ್ರಾಣಾಪಾಯಕ್ಕೆ ತಿರುಗಬಲ್ಲುದು. ಆದುದರಿಂದ ಮಳೆಗಾಲದ ಜ್ವರಕ್ಕೆ ವೈದ್ಯರ ಭೇಟಿ, ರಕ್ತಪರೀಕ್ಷೆ ತಡವಾಗಬಾರದು. ಡೆಂಗ್ಯೂ ಸಂಶಯವಿರುವಾಗ ಆಸ್ಪಿರಿನ್, ಐಬುಪ್ರೊಫೆನ್ ಗುಳಿಗೆಗಳನ್ನು ತಾವಾಗಿಯೇ ನುಂಗಬಾರದು. ಅವುಗಳಿಂದ ರಕ್ತಸ್ರಾವದ ಭಯ ಹೆಚ್ಚು. ಇನ್ನೊಂದು ಸಂಗತಿಯನ್ನು ಚೆನ್ನಾಗಿ ನೆನಪಿಡಬೇಕು. ಡೆಂಗ್ಯೂವಿನಲ್ಲಿ ಅಪಾಯದ ಘಟ್ಟ ಬರುವುದು ಹೆಚ್ಚಾಗಿ ಜ್ವರ ಇಳಿಯುವ ಹೊತ್ತಿಗೆ, ಅಂದರೆ 3ರಿಂದ 7ನೆಯ ದಿನದ ನಡುವೆ. ಜ್ವರ ಬಿಟ್ಟಿತೆಂದು ತರಗತಿಗೆ ಓಡದೆ, ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ಅತಿಯಾದ ಆಯಾಸ ಕಂಡರೆ ಆ ಕ್ಷಣವೇ ಆಸ್ಪತ್ರೆಗೆ ಹೋಗಬೇಕು. ಮಾಟುಂಗದವರಿಗೆ ಸಯನ್ ಆಸ್ಪತ್ರೆ, ಪರೇಲಿನವರಿಗೆ ಕೆ.ಇ.ಎಂ., ಜುಹೂ-ವಿಲೇಪಾರ್ಲೆಯವರಿಗೆ ಕೂಪರ್ ಹತ್ತಿರದ ಮಹಾನಗರಪಾಲಿಕೆಯ ಆಸ್ಪತ್ರೆಗಳು. ಆ ದಾರಿಯನ್ನು ಆರೋಗ್ಯವಾಗಿರುವಾಗಲೇ ಒಮ್ಮೆ ನೋಡಿಟ್ಟುಕೊಳ್ಳಬೇಕು. ರಜೆಯಲ್ಲಿ ಊರಿಗೆ ಹೋದಾಗ ಜ್ವರ ಬಂದರೆ, ತಾನು ಮುಂಬಯಿಯಿಂದ ಬಂದವನೆಂಬುದನ್ನು ಅಲ್ಲಿಯ ವೈದ್ಯರಿಗೆ ತಿಳಿಸಲು ಮರೆಯಬಾರದು.

ರಸ್ತೆಯ ನೀರು

2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಆ ನೆರೆಯ ಬೆನ್ನಿಗೇ ಲೆಪ್ಟೊಸ್ಪೈರೋಸಿಸ್ ರೋಗ ನಗರದಲ್ಲಿ ಹರಡಿತು. ಇಲಿ ಮೊದಲಾದ ಪ್ರಾಣಿಗಳ ಮೂತ್ರ ಬೆರೆತ ನೀರಿನಿಂದ ಇದರ ರೋಗಾಣು ಕಾಲಿನ ಗಾಯದ ಮೂಲಕ ಒಳಸೇರುತ್ತದೆ. ನಿಂತ ನೀರಿನಲ್ಲಿ ನಡೆಯಲೇಬೇಕಾಗಿ ಬಂದರೆ ಕೋಣೆ ಸೇರಿದೊಡನೆ ಕಾಲನ್ನು ಸಾಬೂನಿನಿಂದ ತೊಳೆದು, 72 ಗಂಟೆಗಳೊಳಗೆ ವೈದ್ಯರನ್ನು ಕಂಡು, ಮುಂಜಾಗ್ರತೆಯ ಔಷಧಿ ಬೇಕೇ ಎಂದು ಕೇಳತಕ್ಕದ್ದು.

ಮನಸ್ಸಿನ ಆರೋಗ್ಯ

ಹೊಸ ಭಾಷೆ, ಹೊಸ ಊಟ, ಲೋಕಲ್ ರೈಲಿನ ನೂಕುನುಗ್ಗಲು ಇವುಗಳ ನಡುವೆ ಮೊದಲ ವಾರಗಳಲ್ಲಿ ಊರಿನ ಹಂಬಲ ಕಾಡುವುದು ಸಹಜ. ದೂರವಾಣಿಯಲ್ಲಿ ಅಂಕಗಳನ್ನು ಕೇಳುವ ಮೊದಲು ನಿದ್ರೆ, ಊಟ, ಗೆಳೆಯರ ವಿಷಯ ಕೇಳಿರಿ. ನಿದ್ರೆಗೆಟ್ಟು, ಊಟ ಬಿಟ್ಟು, ಮಾತು ಕಡಿಮೆಯಾದರೆ ಅದನ್ನೂ ಜ್ವರದಂತೆಯೇ ಗಂಭೀರವಾಗಿ ಎಣಿಸಬೇಕು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ಸರಕಾರಿ ಸೇವೆಯ 14416 ಸಂಖ್ಯೆಯಲ್ಲಿ ಕನ್ನಡದಲ್ಲಿಯೂ ಸಲಹೆ ದೊರೆಯುತ್ತದೆ.

ಮುಂಬಯಿವಾಸಿ ಕನ್ನಡಿಗರಲ್ಲಿ ಒಂದು ವಿಜ್ಞಾಪನೆ. ಹೋಟೆಲುಗಳಲ್ಲಿ ದುಡಿಯುತ್ತ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದ ಹುಡುಗರು ಇಲ್ಲಿ ನೆಲೆಯೂರಿದ್ದು ಊರಿನವರ ಆಸರೆಯಿಂದಲೂ ಹೌದು. ಇಂದಿನ ವಿದ್ಯಾರ್ಥಿಗೆ ಕೆಲಸದ ಆಸರೆ ಬೇಡವಾದೀತು. ಆದರೆ ಜ್ವರದ ರಾತ್ರಿ ಕರೆದರೆ ಬರುವ ಒಂದು ಮನೆ ಬೇಕು. ನಿಮ್ಮ ಬಡಾವಣೆಯ ಹಾಸ್ಟೆಲಿನಲ್ಲಿರುವ ಒಬ್ಬ ಹುಡುಗನಿಗೆ ಅಥವಾ ಹುಡುಗಿಗೆ ನಿಮ್ಮ ದೂರವಾಣಿ ಸಂಖ್ಯೆಯನ್ನು ಕೊಟ್ಟಿಡಿ. ಮಗುವನ್ನು ಕಳುಹಿಸಿದ ತಾಯಿ ಊರಿನಲ್ಲಿ ನೆಮ್ಮದಿಯಿಂದ ನಿದ್ರಿಸಿಯಾಳು.