ಫೋರ್ ವೀಲ್ ಡ್ರೈವ್ ಕೂಡುತ್ತಿದೆಯೇ? ಗ್ಯಾರೇಜಿಗೆ ಒಯ್ಯುವ ಮುನ್ನ ಮಾಲೀಕರು ನಡೆಸಬಹುದಾದ ಪರೀಕ್ಷೆಗಳು

ಸಕಲೇಶಪುರ, ಮೂಡಿಗೆರೆ, ಮಡಿಕೇರಿಗಳ ಕಡೆ ಗೊಬ್ಬರ, ಪಂಪ್‌ಸೆಟ್ಟು, ತೋಟದ ಸಲಕರಣೆಗಳ ವ್ಯಾಪಾರ ನಡೆಸುವವರಿಗೆ ಮಳೆಗಾಲದ ನಾಲ್ಕು ತಿಂಗಳು ನಾಲ್ಕು ಚಕ್ರ ಚಾಲನೆಯ ಪಿಕಪ್ ಅಥವಾ ಜೀಪು ಇಲ್ಲದೆ ಸರಕು ತಲುಪಿಸುವುದು ಸಾಧ್ಯವಿಲ್ಲ. ಈ ಸೌಲಭ್ಯಕ್ಕಾಗಿ ಮಾಲೀಕನು ವಾಹನ ಕೊಳ್ಳುವಾಗಲೇ ಹೆಚ್ಚಿನ ಬೆಲೆ ತೆತ್ತಿರುತ್ತಾನೆ. ಆದರೆ ವರ್ಷದ ಎಂಟು ತಿಂಗಳು ಅದನ್ನು ಮುಟ್ಟದೆ ಇಟ್ಟು, ಮೊದಲ ದೊಡ್ಡ ಮಳೆಯ ದಿನ ಲಿವರ್ ಎಳೆದಾಗಲಷ್ಟೇ ಅದು ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂಬುದು ತಿಳಿಯುತ್ತದೆ.

ಇಂತಹುದೇ ಒಂದು ಸಂದರ್ಭವನ್ನು ಗಮನಿಸಬಹುದು. ಗೊಬ್ಬರದ ವರ್ತಕರೊಬ್ಬರ ಪಿಕಪ್ ತೋಟದ ಏರಿನಲ್ಲಿ ಹೂತುಹೋಯಿತು. ಲಿವರ್ 4ಎಚ್ ಸ್ಥಾನದಲ್ಲಿತ್ತು, ಫಲಕದಲ್ಲಿ ಹಸಿರು ದೀಪವೂ ಉರಿಯುತ್ತಿತ್ತು, ಆದರೆ ತಿರುಗುತ್ತಿದ್ದುದು ಹಿಂದಿನ ಚಕ್ರಗಳು ಮಾತ್ರ. ಗ್ಯಾರೇಜಿನವರು ಟ್ರಾನ್ಸ್‌ಫರ್ ಕೇಸ್ ಬಿಚ್ಚಬೇಕೆಂದು ಅರ್ಧ ಲಕ್ಷ ರೂಪಾಯಿಗೆ ಸಮೀಪದ ಅಂದಾಜು ಪಟ್ಟಿ ಕೊಟ್ಟರು. ಕೊನೆಗೆ ಹಳೆಯ ಮಿಸ್ತ್ರಿಯೊಬ್ಬರು ಕಂಡುಹಿಡಿದ ದೋಷವೆಂದರೆ ಮುಂದಿನ ಹಬ್‌ಗೆ ಹೋಗುವ ರಬ್ಬರ್ ಕೊಳವೆಯನ್ನು ಇಲಿ ಕಡಿದಿತ್ತು. ಕೆಲವೇ ನೂರು ರೂಪಾಯಿಗಳಲ್ಲಿ ಕೆಲಸ ಮುಗಿಯಿತು.

ಈ ವ್ಯತ್ಯಾಸ ಏಕೆ ಉಂಟಾಯಿತೆಂದು ತಿಳಿಯಬೇಕಾದರೆ ವ್ಯವಸ್ಥೆಯ ರಚನೆಯನ್ನು ಸ್ವಲ್ಪ ಅರಿತಿರಬೇಕು. ಬೇಕಾದಾಗ ಮಾತ್ರ ಕೂಡಿಸಿಕೊಳ್ಳುವ ಬಗೆಯ ನಾಲ್ಕು ಚಕ್ರ ಚಾಲನೆಯಲ್ಲಿ ಗೇರ್‌ಬಾಕ್ಸಿನ ಹಿಂದೆ ಟ್ರಾನ್ಸ್‌ಫರ್ ಕೇಸ್ ಇರುತ್ತದೆ. ಲಿವರ್ ಅಥವಾ ಸ್ವಿಚ್ಚಿನ ಮೂಲಕ ಅದು ಮುಂದಿನ ಪ್ರೊಪೆಲ್ಲರ್ ಶಾಫ್ಟನ್ನು ಹಿಂದಿನದರೊಡನೆ ಬಿಗಿಯಾಗಿ ಜೋಡಿಸುತ್ತದೆ. ಶಕ್ತಿಯು ಮುಂದಿನ ಡಿಫರೆನ್ಷಿಯಲ್‌ಗೆ, ಅಲ್ಲಿಂದ ಎರಡು ಆಕ್ಸಲ್ ಶಾಫ್ಟ್‌ಗಳಿಗೆ ಹರಿಯುತ್ತದೆ. ಅನೇಕ ವಾಹನಗಳಲ್ಲಿ ಚಕ್ರಕ್ಕೂ ಆಕ್ಸಲ್ ಶಾಫ್ಟಿಗೂ ನಡುವೆ ಇನ್ನೊಂದು ಕೊಂಡಿಯಿದೆ. ಅದೇ ಲಾಕಿಂಗ್ ಹಬ್. ಕೆಲವು ಮಾದರಿಗಳಲ್ಲಿ ಅದನ್ನು ಕೆಳಗಿಳಿದು ಕೈಯಿಂದ ತಿರುಗಿಸಬೇಕು, ಕೆಲವದರಲ್ಲಿ ಎಂಜಿನ್ನಿನ ನಿರ್ವಾತದ ಎಳೆತದಿಂದ ತಾನಾಗಿ ಕೂಡುತ್ತದೆ, ಹಳೆಯ ಜೀಪುಗಳಲ್ಲಿ ಹಬ್ ಸದಾ ಕೂಡಿಯೇ ಇರುವುದೂ ಉಂಟು. ಅನೇಕ ವಾಹನಗಳಲ್ಲಿ ಫಲಕದ ದೀಪವು ಟ್ರಾನ್ಸ್‌ಫರ್ ಕೇಸಿನ ಸ್ಥಿತಿಯನ್ನಷ್ಟೇ ಸೂಚಿಸುತ್ತದೆ. ಹಬ್ ಕೂಡಿದೆಯೆಂಬುದಕ್ಕೆ ಅದು ಸಾಕ್ಷಿಯಲ್ಲ. ಲೆಕ್ಕದ ಪುಸ್ತಕದಲ್ಲಿ ಚೆಕ್ಕು ಜಮಾ ಆಗಿರುವುದಕ್ಕೂ ಬ್ಯಾಂಕಿನಲ್ಲಿ ಹಣ ಬಂದಿರುವುದಕ್ಕೂ ಇರುವಷ್ಟೇ ಅಂತರ ಇಲ್ಲಿಯೂ ಇದೆ.

ಇನ್ನು ಹೂತುಹೋದ ವಾಹನವನ್ನು ನೋಡಿ ಬರುವ ತಪ್ಪು ತೀರ್ಮಾನವೊಂದಿದೆ. ಮುಂದಿನ ಒಂದು ಚಕ್ರ ಮತ್ತು ಹಿಂದಿನ ಒಂದು ಚಕ್ರ ಮಾತ್ರ ತಿರುಗಿ ಉಳಿದೆರಡು ಸುಮ್ಮನೆ ನಿಂತಿದ್ದರೆ ಬಹುಮಂದಿ ಚಾಲಕರು ‘ಫೋರ್ ವೀಲ್ ಕೆಲಸ ಮಾಡುತ್ತಿಲ್ಲ’ ಎನ್ನುತ್ತಾರೆ. ವಾಸ್ತವವಾಗಿ ಅದು ಕೆಲಸ ಮಾಡುತ್ತಿದೆ. ಸಾಧಾರಣ ಡಿಫರೆನ್ಷಿಯಲ್ ಹಿಡಿತವಿಲ್ಲದ ಕಡೆಯ ಚಕ್ರವನ್ನೇ ತಿರುಗಿಸುತ್ತದೆಯಾದ್ದರಿಂದ ಹಾಗಾಗುವುದು ಸಹಜ. ಮುಂದಿನ ಒಂದು ಚಕ್ರವಾದರೂ ಎಂಜಿನ್ನಿನ ಬಲದಿಂದ ಜಾರಿ ತಿರುಗುತ್ತಿದೆಯೆಂದರೆ ಕೊಂಡಿಗಳೆಲ್ಲ ಕೂಡಿವೆಯೆಂದೇ ತಿಳಿಯಬೇಕು. ಹಿಂದಿನ ಚಕ್ರ ಜಾರುತ್ತಿದ್ದು ಮುಂದಿನ ಎರಡೂ ಅಲುಗದೆ ನಿಂತಿದ್ದರೆ ಮಾತ್ರ ದೋಷ ನಿಶ್ಚಿತ.

ಪರೀಕ್ಷೆಯನ್ನು ಒಣ ಡಾಂಬರು ರಸ್ತೆಯಲ್ಲಿ ನಡೆಸಬಾರದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಕ್ರಮಿಸುತ್ತವೆ. ಈ ಬಗೆಯ ವ್ಯವಸ್ಥೆಯಲ್ಲಿ ಆ ವ್ಯತ್ಯಾಸವನ್ನು ಸರಿದೂಗಿಸುವ ನಡುವಣ ಡಿಫರೆನ್ಷಿಯಲ್ ಇಲ್ಲದಿರುವುದರಿಂದ ಟಯರುಗಳು ಜಾರಲೇಬೇಕು. ಡಾಂಬರಿನ ಮೇಲೆ ಜಾರಲು ಅವಕಾಶವಿಲ್ಲದೆ ಒತ್ತಡವೆಲ್ಲ ಗೇರುಗಳ ಮೇಲೆ ಬೀಳುತ್ತದೆ. ಮಣ್ಣು ಅಥವಾ ಜಲ್ಲಿಯ ಬಯಲಿನಲ್ಲಿ ಕೂಡಿಸಿ, ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನಿಧಾನವಾಗಿ ಒಂದು ಸುತ್ತು ಹಾಕಬೇಕು. ಕೂಡಿದ್ದರೆ ಸ್ಟಿಯರಿಂಗ್ ಬಿಗಿಯಾಗಿ ವಾಹನವು ತಡೆತಡೆದು ಸಾಗುತ್ತದೆ; ಎಂದಿನಂತೆ ಹಗುರವಾಗಿ ತಿರುಗಿದರೆ ಸಂಶಯಕ್ಕೆ ಕಾರಣವಿದೆ. ದೀಪ ಮಿನುಗುತ್ತಲೇ ಇದ್ದರೆ ಗಾಬರಿಪಡದೆ ನೇರವಾಗಿ ಕೆಲವು ಮೀಟರು ಮುಂದೆ ಹೋಗಬೇಕು, ಹಲ್ಲುಗಳು ಒಂದಕ್ಕೊಂದು ಹೊಂದಿಕೊಳ್ಳಲು ಅಷ್ಟು ಚಲನೆ ಬೇಕಾಗುತ್ತದೆ.

ಸಂಶಯ ಉಳಿದಲ್ಲಿ ಜಾಕ್ ಪರೀಕ್ಷೆ ನಿರ್ಣಾಯಕ. ಸಮತಟ್ಟಾದ ನೆಲದಲ್ಲಿ ವಾಹನವನ್ನು 4ಎಚ್‌ನಲ್ಲಿ ಕೂಡಿಸಿ, ಎಂಜಿನ್ ನಿಲ್ಲಿಸಿ, ಹಿಂದಿನ ಎರಡೂ ಚಕ್ರಗಳಿಗೆ ಮುಂದೆ ಹಿಂದೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಮುಂದಿನ ಒಂದು ಚಕ್ರವನ್ನು ಮಾತ್ರ ನೆಲದಿಂದ ಎತ್ತಬೇಕು. ಎತ್ತಿದ ಸ್ಥಿತಿಯಲ್ಲಿ ಎಂಜಿನ್ ಚಾಲೂ ಮಾಡಿ ಗೇರ್ ಹಾಕುವುದು ಪ್ರಾಣಾಪಾಯಕ್ಕೆ ಎಡೆಮಾಡುತ್ತದೆ. ಹಿಂದಿನ ಚಕ್ರಗಳು ವಾಹನವನ್ನು ಜಾಕಿನಿಂದ ಕೆಳಕ್ಕೆ ನೂಕಿಬಿಡಬಹುದು. ವಾಹನದ ಅಡಿಗೆ ಯಾರೂ ತಲೆಯಿಡದೆ, ಪಕ್ಕದಿಂದಲೇ ಟಾರ್ಚ್ ಹಿಡಿದು ನೋಡುತ್ತ, ಎತ್ತಿದ ಚಕ್ರವನ್ನು ಕೈಯಿಂದ ತಿರುಗಿಸಬೇಕು. ಸ್ವಲ್ಪ ಸಡಿಲಾಡಿ ನಿಂತುಬಿಟ್ಟರೆ ವ್ಯವಸ್ಥೆ ಸರಿಯಾಗಿದೆ. ಚಕ್ರ ತಿರುಗಿಯೂ ಅದರ ಆಕ್ಸಲ್ ಶಾಫ್ಟ್ ತಿರುಗದಿದ್ದರೆ ಆ ಬದಿಯ ಹಬ್ ಕೂಡಿಲ್ಲ. ಚಕ್ರವೂ ಶಾಫ್ಟೂ ತಿರುಗಿ, ಮುಂದಿನ ಪ್ರೊಪೆಲ್ಲರ್ ಶಾಫ್ಟ್ ನಿಂತೇ ಇದ್ದರೆ ಡಿಫರೆನ್ಷಿಯಲ್ ಮೂಲಕ ಎದುರು ಬದಿಯ ಶಾಫ್ಟ್ ಹಿಮ್ಮುಖವಾಗಿ ತಿರುಗುತ್ತಿರಬೇಕು. ಆಗ ಎದುರು ಬದಿಯ ಹಬ್ಬನ್ನು, ಅಪರೂಪಕ್ಕೆ ಮುರಿದ ಶಾಫ್ಟನ್ನು ಶಂಕಿಸಬೇಕು. ಪ್ರೊಪೆಲ್ಲರ್ ಶಾಫ್ಟ್ ಕೂಡ ತಿರುಗಿದರೆ ಮಾತ್ರ ದೋಷವು ಟ್ರಾನ್ಸ್‌ಫರ್ ಕೇಸಿನಲ್ಲೋ ಅದನ್ನು ಚಲಿಸುವ ಲಿವರ್, ಮೋಟಾರುಗಳಲ್ಲೋ ಇದೆ. ದುಬಾರಿ ಅಂದಾಜು ಪಟ್ಟಿಗೆ ಸಮ್ಮತಿಸುವ ಯೋಚನೆ ಬರಬೇಕಾದುದು ಈ ಕೊನೆಯ ಫಲಿತಾಂಶ ಕಂಡಾಗಲೇ.

ನಿರ್ವಾತದ ಹಬ್‌ಗಳ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಕೆಲವು ಮಾದರಿಗಳಲ್ಲಿ ಎಂಜಿನ್ ನಿಂತೊಡನೆ ಹಿಡಿತ ಬಿಟ್ಟುಹೋಗಬಹುದಾದ್ದರಿಂದ ಅವುಗಳಿಗೆ ಜಾಕ್ ಪರೀಕ್ಷೆಯೊಂದನ್ನೇ ನಂಬಲಾಗದು. ವಾಹನವನ್ನು ನೆಲದ ಮೇಲೆ ನ್ಯೂಟ್ರಲ್‌ನಲ್ಲಿ ನಿಲ್ಲಿಸಿ, ಎಂಜಿನ್ ಚಾಲೂ ಇರುವಾಗ ಹಬ್ ಕಡೆಯ ಕೊಳವೆಯನ್ನು ಬಿಡಿಸಿ ಬೆರಳಿಟ್ಟು ನೋಡಿದರೆ ಎಳೆತವಿದೆಯೋ ಇಲ್ಲವೋ ತಿಳಿಯುತ್ತದೆ. ಎಳೆತವಿಲ್ಲದಿದ್ದರೆ ಕೊಳವೆಯ ಬಿರುಕು, ಕಳಚಿದ ತುದಿ, ಕೆಟ್ಟ ಸೊಲೆನಾಯ್ಡ್ ವಾಲ್ವ್ ಇವುಗಳನ್ನು ಹುಡುಕಬೇಕು. ಸ್ವಿಚ್ಚಿನಿಂದ ನಡೆಯುವ ವಾಹನಗಳಲ್ಲಿ ಫ್ಯೂಸ್ ಮತ್ತು ಕೆಸರುನೀರು ಹೊಕ್ಕು ಕಿಲುಬು ಹಿಡಿದ ಕನೆಕ್ಟರುಗಳನ್ನು ಮೊದಲು ನೋಡತಕ್ಕದ್ದು. ಕೈಯಿಂದ ತಿರುಗಿಸುವ ಹಬ್ ಇದ್ದಲ್ಲಿ ಚಾಲಕನು ಒಂದು ಬದಿಯನ್ನು ಮರೆತಿರುವುದೇ ಎಷ್ಟೋ ಬಾರಿ ಇಡೀ ‘ದೋಷ’ವಾಗಿರುತ್ತದೆ!

ನಿರ್ವಹಣೆಯ ಬಗ್ಗೆ ಹೇಳಬೇಕಾದುದು ಸ್ವಲ್ಪ. ತಿಂಗಳಿಗೊಮ್ಮೆ ಮಣ್ಣು ರಸ್ತೆಯಲ್ಲಿ ಕೂಡಿಸಿ ಕೊಂಚ ದೂರ ಓಡಿಸಿದರೆ ಲಿವರ್ ಜಾಮ್ ಆಗುವುದಿಲ್ಲ, ಒಳಭಾಗಗಳಿಗೆ ಎಣ್ಣೆಯೂ ತಲಪುತ್ತದೆ. ಹಳ್ಳ ದಾಟಿದ ಬಳಿಕ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆಯೆಂದು ತಿಳಿದು ಕೂಡಲೇ ಬದಲಿಸಬೇಕು. ಮುಂದೆ ಹೊಸ ಟಯರು, ಹಿಂದೆ ಸವೆದ ಟಯರು ಹಾಕುವ ಮಿತವ್ಯಯ ಇಲ್ಲಿ ದುಬಾರಿಯಾಗುತ್ತದೆ.

ಗ್ಯಾರೇಜಿಗೆ ಒಪ್ಪಿಸುವಾಗ ಪರೀಕ್ಷೆಯಲ್ಲಿ ಕಂಡುದನ್ನು ಜಾಬ್ ಕಾರ್ಡಿನಲ್ಲಿಯೇ ಬರೆಯಿಸಿ, ತೆಗೆದ ಹಳೆಯ ಭಾಗಗಳನ್ನು ಹಿಂದಕ್ಕೆ ಪಡೆಯತಕ್ಕದ್ದು. ತೆರಿಗೆಯ ದೃಷ್ಟಿಯಿಂದ, ಇರುವ ಆಸ್ತಿಯನ್ನು ಸುಸ್ಥಿತಿಯಲ್ಲಿಡುವ ವೆಚ್ಚ ಮಾತ್ರ ಚಾಲ್ತಿ ದುರಸ್ತಿಯೆಂದೂ, ಹೊಸ ಆಸ್ತಿಯನ್ನು ತರುವ ವೆಚ್ಚ ಹಾಗಲ್ಲವೆಂದೂ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ ವಿಂಗಡಿಸಿದೆ. ವಾಹನದ ಒಂದು ಭಾಗವನ್ನು ಬದಲಿಸಿದ ಬಿಲ್ಲಿನಲ್ಲಿ ಆ ಭಾಗದ ಹೆಸರೂ ಕಾರಣವೂ ಸ್ಪಷ್ಟವಾಗಿದ್ದರೆ ತಕರಾರಿಗೆ ಆಸ್ಪದ ಕಡಮೆ. ಜಿ.ಎಸ್.ಟಿ. ಕಾನೂನಿನ 17(5)ನೇ ಕಲಮಿನಂತೆ, ಚಾಲಕನೂ ಸೇರಿ 13 ಆಸನಗಳಿಗೆ ಮೀರದ ಪ್ರಯಾಣಿಕ ವಾಹನದ ಮೇಲಿನ ತೆರಿಗೆಯನ್ನಷ್ಟೇ ಅಲ್ಲದೆ, ಅದರ ದುರಸ್ತಿಯ ಮೇಲಿನ ತೆರಿಗೆಯನ್ನೂ ಸಾಮಾನ್ಯ ವರ್ತಕನು ಹೂಟುವಳಿ ತೆರಿಗೆಯಾಗಿ ಜಮಾ ಪಡೆಯುವಂತಿಲ್ಲ. ಸರಕು ಸಾಗಣೆಯ ಪಿಕಪ್‌ಗೆ ಈ ನಿರ್ಬಂಧವಿಲ್ಲ. ಆದುದರಿಂದ ನೋಂದಣಿ ಪತ್ರದಲ್ಲಿ ವಾಹನವು ಯಾವ ವರ್ಗಕ್ಕೆ ಸೇರಿದೆಯೆಂಬುದನ್ನು ನೋಡಿ, ಬಿಲ್ಲಿನಲ್ಲಿ ವಾಹನದ ಸಂಖ್ಯೆಯನ್ನೂ ವರ್ತಕನ ಜಿ.ಎಸ್.ಟಿ. ಸಂಖ್ಯೆಯನ್ನೂ ನಮೂದಿಸಿಕೊಳ್ಳಬೇಕು, ಬಿಲ್ಲು ಚಾಲಕನ ಹೆಸರಿನಲ್ಲಿದ್ದರೆ ಜಮಾ ಸಿಗುವುದು ಕಷ್ಟ.