ಗುಂಡಿ ಸಿಕ್ಕರೆ ಕೈಕೊಡುವ ಬ್ಯಾಟರಿ

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವನು. ಕೆಲಸದ ಮೇಲೆ ಚೆನ್ನೈಗೆ ಬಂದು ತ್ರಿಪ್ಲಿಕೇನ್‌ನ ಒಂದು ಮ್ಯಾನ್ಷನ್‌ನಲ್ಲಿ, ಅಂದರೆ ಬ್ರಹ್ಮಚಾರಿಗಳ ಲಾಡ್ಜಿನಲ್ಲಿ, ರೂಮು ಮಾಡಿಕೊಂಡಿದ್ದೇನೆ. ಇತ್ತೀಚೆಗೆ ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಮೌಂಟನ್ ಬೈಕ್ ಕೊಂಡೆ. ಬ್ಯಾಟರಿ 36 ವೋಲ್ಟಿನದು, ಡೌನ್ ಟ್ಯೂಬ್ ಮೇಲೆ, ಅಂದರೆ ಹ್ಯಾಂಡಲ್ ಕಡೆಯಿಂದ ಪೆಡಲ್ ಕಡೆಗೆ ಇಳಿಯುವ ಕೊಳವೆಯ ಮೇಲೆ ಕೂರುತ್ತದೆ, ಕೀಲಿ ತಿರುಗಿಸಿ ತೆಗೆಯಬಹುದು. ಪೈಕ್ರಾಫ್ಟ್ಸ್ ರೋಡಿನಲ್ಲಿ ಚಕ್ರ ಗುಂಡಿಗೆ ಇಳಿದರೆ ಡಿಸ್‌ಪ್ಲೇ ಆರಿಹೋಗುತ್ತದೆ. ಬ್ಯಾಟರಿಯನ್ನು ಅಂಗೈಯಲ್ಲಿ ಒಂದು ತಟ್ಟಿದರೆ ಮತ್ತೆ ಹತ್ತುತ್ತದೆ. ಅಂಗಡಿಯವರು ‘ಬ್ಯಾಟರಿ ಹೋಗಿದೆ, ಹೊಸದು ಹಾಕಿಸಿ’ ಎನ್ನುತ್ತಾರೆ. ಬೆಲೆ ಕೇಳಿದರೆ ಸೈಕಲ್ಲಿಗೆ ಕೊಟ್ಟದ್ದರ ಅರ್ಧ! ನಿಜಕ್ಕೂ ದೋಷ ಬ್ಯಾಟರಿಯದ್ದೇ? ನಾನೇ ಸರಿಮಾಡಿಕೊಳ್ಳಬಹುದೇ? ಗೆಳೆಯರ ಜೊತೆ ಏಲಗಿರಿ ಹತ್ತುವ ಆಸೆಯೂ ಇದೆ.

ಉತ್ತರ: ತಟ್ಟಿದರೆ ಹತ್ತುತ್ತದೆ ಎಂದಿರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ಸೆಲ್ಲು ಸತ್ತಿದ್ದರೆ ಎಷ್ಟು ತಟ್ಟಿದರೂ ಏಳುವುದಿಲ್ಲ. ತಟ್ಟಿದ್ದಕ್ಕೆ ಓಗೊಡುವುದು ಸಡಿಲ ಸಂಪರ್ಕ, ಅಂದರೆ ಎಲ್ಲ ಮೆಕ್ಯಾನಿಕ್‌ಗಳ ಬಾಯಲ್ಲಿರುವ ಲೂಸ್ ಕಾಂಟ್ಯಾಕ್ಟ್. ಹೊಸ ಬ್ಯಾಟರಿ ತಂದು ಫ್ರೇಮಿಗೆ ಬಿಗಿದ ಅದೇ ಹಳೆಯ ಪ್ಲೇಟಿನ ಮೇಲೆ ಕೂರಿಸಿದರೆ ಕೆಲವು ವಾರ ಸರಿಯಾಗಿದ್ದು ಮತ್ತೆ ಅದೇ ರಾಗ ಹಾಡುತ್ತದೆ. ಹಾಗಾಗಿ ದುಡ್ಡು ಬಿಚ್ಚುವ ಮೊದಲು ಒಂದು ಪರೀಕ್ಷೆ ಮಾಡಿ.

ಸೈಕಲನ್ನು ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಡಿಸ್‌ಪ್ಲೇ ಆನ್ ಮಾಡಿ. ಪೆಡಲ್, ಥ್ರಾಟಲ್ ಯಾವುದನ್ನೂ ಮುಟ್ಟಬೇಡಿ. ಬ್ಯಾಟರಿಯನ್ನು ಎರಡೂ ಕೈಯಲ್ಲಿ ಹಿಡಿದು ಎಡಕ್ಕೆ ಬಲಕ್ಕೆ, ಮೇಲೆ ಕೆಳಗೆ ಒತ್ತಿ ನೋಡಿ. ಆಮೇಲೆ ಮುಂದಿನ ಚಕ್ರವನ್ನು ಒಂದು ಗೇಣು ಎತ್ತಿ ಬಿಡಿ. ಇಷ್ಟರಲ್ಲಿ ಡಿಸ್‌ಪ್ಲೇ ಒಮ್ಮೆ ಕಣ್ಣು ಮಿಟುಕಿಸಿದರೂ ಸಾಕು, ದೋಷ ಇರುವುದು ಬ್ಯಾಟರಿ ಕೂರುವ ಜಾಗದಲ್ಲಿ ಅಥವಾ ಅದರ ಹಿಂದಿನ ತಂತಿಯಲ್ಲಿ. ಹಾಗಾಗದೆ, ಫ್ಲೈಓವರ್ ಏರುವಾಗ ಮಾತ್ರ, ಅದೂ ಚಾರ್ಜು ಅರ್ಧಕ್ಕಿಂತ ಇಳಿದ ಮೇಲೆ ಆರುತ್ತಿದ್ದರೆ ಅದು ಬೇರೆ ಕಥೆ. ಆಗ ಭಾರಕ್ಕೆ ಸೆಲ್ಲುಗಳ ವೋಲ್ಟೇಜ್ ಕುಸಿದು, ಒಳಗಿರುವ ಬಿಎಂಎಸ್ ಎಂಬ ಕಾವಲುಗಾರ ಸರ್ಕ್ಯೂಟು ಬಾಗಿಲು ಹಾಕಿಕೊಳ್ಳುತ್ತದೆ. 36 ವೋಲ್ಟಿನ ಪ್ಯಾಕಿನಲ್ಲಿ ಹತ್ತು ಸೆಲ್ಲು ಸಾಲಾಗಿರುತ್ತವೆ. ತುಂಬಿದಾಗ 42 ವೋಲ್ಟ್, 30ರ ಆಸುಪಾಸಿಗೆ ಇಳಿದರೆ ಖಾಲಿ. ಮಲ್ಟಿಮೀಟರ್ ಇದ್ದರೆ ಪೂರ್ತಿ ಚಾರ್ಜಾದ ಬ್ಯಾಟರಿಯ ವೋಲ್ಟೇಜ್ ನೋಡಿಕೊಳ್ಳಿ. 41–42 ತೋರಿಸಿದರೆ ‘ಬ್ಯಾಟರಿ ಹೋಗಿದೆ’ ಎಂಬ ತೀರ್ಪನ್ನು ಸದ್ಯಕ್ಕೆ ಪಕ್ಕಕ್ಕಿಡಿ.

ಕೂತ ಜಾಗ ಸಡಿಲವಾಗುವುದೇಕೆ? 36 ವೋಲ್ಟ್, 10 ಆಂಪಿಯರ್ ಅವರ್ ಬ್ಯಾಟರಿಯ ತೂಕ ಎರಡೂವರೆ ಕೆಜಿಯ ಆಸುಪಾಸು. ಕಲ್ಲುದಾರಿಯಲ್ಲಿ ಚಕ್ರ ಕುಕ್ಕಿದಾಗ ಗುರುತ್ವದ ಐದು ಪಟ್ಟು ಎಳೆತ ಸಲೀಸಾಗಿ ಬರುತ್ತದೆ. ಆ ಕ್ಷಣಕ್ಕೆ ನಿಮ್ಮ ಬ್ಯಾಟರಿ ಹನ್ನೆರಡು ಕೆಜಿ ತೂಗುತ್ತದೆ. ಅಷ್ಟನ್ನೂ ಹಿಡಿದಿರುವುದು ಒಂದು ಪ್ಲಾಸ್ಟಿಕ್ ಪ್ಲೇಟು, ಒಂದು ಬೀಗದ ನಾಲಿಗೆ ಮತ್ತು ಎರಡು ಬೋಲ್ಟು. ಆ ಬೋಲ್ಟುಗಳಾದರೂ ಎಲ್ಲಿ? ಬಹುತೇಕ ಸೈಕಲ್ಲುಗಳಲ್ಲಿ ನೀರಿನ ಬಾಟಲಿ ಸಿಕ್ಕಿಸಲೆಂದು ಇಟ್ಟಿದ್ದ ತೂತುಗಳಲ್ಲೇ. ಮುಕ್ಕಾಲು ಲೀಟರ್ ನೀರಿಗೆ ಮಾಡಿದ ಜಾಗಕ್ಕೆ ಎರಡೂವರೆ ಕೆಜಿ ಹೇರಿದ್ದೇವೆ. ಹೊರದೇಶದ ದುಬಾರಿ ಬೈಕುಗಳಲ್ಲಿ ಬ್ಯಾಟರಿ ಡೌನ್ ಟ್ಯೂಬಿನ ಒಳಗೇ ಅಡಗಿರುತ್ತದೆ. ಅವಕ್ಕೂ ಅಲುಗಾಟದ ಕಾಟ ತಪ್ಪಿಲ್ಲ, ಸದ್ದು ಒಳಗಿನಿಂದ ಬರುತ್ತದೆ ಅಷ್ಟೇ.

ಬ್ಯಾಟರಿ ಎಲ್ಲಿ ಕೂರಬೇಕು ಎಂಬುದು ಎಲೆಕ್ಟ್ರಿಕ್ ಸೈಕಲ್ ಹುಟ್ಟಿದಂದಿನ ತಲೆನೋವು. ಅಮೆರಿಕದ ಆಗ್ಡೆನ್ ಬೋಲ್ಟನ್ 1895ರ ಡಿಸೆಂಬರ್ 31ರಂದು ಪೇಟೆಂಟ್ ಪಡೆದ ಸೈಕಲ್ಲಿನಲ್ಲಿ ಬ್ಯಾಟರಿ ಫ್ರೇಮಿನ ತ್ರಿಕೋನದಲ್ಲಿ ನೇತಾಡುತ್ತಿತ್ತು. ಅದು 10 ವೋಲ್ಟಿನದು, ಮೋಟಾರು ಎಳೆಯುತ್ತಿದ್ದದ್ದು 100 ಆಂಪಿಯರ್‌ವರೆಗೆ. ಈಗಿನ 250 ವ್ಯಾಟಿನ ಮೋಟಾರು 36 ವೋಲ್ಟಿನಲ್ಲಿ ಸಾಧಾರಣವಾಗಿ ಎಳೆಯುವುದು ಏಳು ಆಂಪಿಯರ್, ಏರಿನಲ್ಲಿ ಹದಿನೈದು. ಸಂಪರ್ಕದಲ್ಲಿ ಹುಟ್ಟುವ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಬೋಲ್ಟನ್ನರ ಕಾಲದ ಟರ್ಮಿನಲ್ಲುಗಳ ಪಾಡು ಊಹಿಸಿಕೊಳ್ಳಿ.

ಇನ್ನು ಕೆಲಸಕ್ಕೆ ಇಳಿಯೋಣ. ಎಲ್ಲರೂ ಮೊದಲು ಕಾಂಟ್ಯಾಕ್ಟ್ ಉಜ್ಜಲು ಹೊರಡುತ್ತಾರೆ. ಅದು ತಿರುಗಾಮುರುಗ. ಪ್ಲೇಟು ಅಲುಗುತ್ತಿರುವವರೆಗೆ ಎಷ್ಟು ಉಜ್ಜಿದರೂ ನಿಲ್ಲುವುದಿಲ್ಲ. ಮೊದಲು ಅಲುಗಾಟ ನಿಲ್ಲಿಸಬೇಕು, ಕರೆಂಟಿನ ವಿಚಾರ ಆಮೇಲೆ.

ಬ್ಯಾಟರಿ ಸ್ವಿಚ್ ಆಫ್ ಮಾಡಿ ಹೊರತೆಗೆಯಿರಿ. ಬೆರಳಿನ ಉಂಗುರ, ಕೈಯ ಕಡಗ ಕಳಚಿಡಿ. ಬ್ಯಾಟರಿ ಬದಿಯ ಟರ್ಮಿನಲ್ಲುಗಳಲ್ಲಿ ಸದಾ ಕರೆಂಟಿರುತ್ತದೆ ಎಂದೇ ತಿಳಿದುಕೊಳ್ಳುವುದು ಒಳ್ಳೆಯದು. ಬ್ಯಾಟರಿ ತೆಗೆದ ಮೇಲೂ ಡಿಸ್‌ಪ್ಲೇ ಬಟನ್ ಒಮ್ಮೆ ಒತ್ತಿ, ಮೋಟಾರು ನಡೆಸುವ ಕಂಟ್ರೋಲರಿನಲ್ಲಿ ಉಳಿದಿದ್ದ ಚೂರುಪಾರು ಕರೆಂಟು ಇಳಿದುಹೋಗುತ್ತದೆ. ಈಗ ಬೇಸ್ ಪ್ಲೇಟಿನಲ್ಲಿ ಎರಡು ಬೋಲ್ಟು ಕಾಣುತ್ತವೆ, ಕೆಲವದರಲ್ಲಿ ಮೂರು. ಹೆಚ್ಚಾಗಿ ಎಂ5 ಅಳತೆಯವು. ತಲೆಯ ಆಕಾರ ನೋಡಿ 3 ಅಥವಾ 4 ಮಿಲಿಮೀಟರ್ ಅಲೆನ್ ಕೀ ಹಾಕಬೇಕು. ಬೋಲ್ಟಿನ ಜೊತೆಗೆ ಒಳಗಿನ ನಟ್ಟೂ ತಿರುಗುತ್ತಿದ್ದರೆ ಅದು ಫ್ರೇಮಿಗೆ ಹೊಡೆದ ರಿವ್‌ನಟ್ ಸಡಿಲವಾದ ಲಕ್ಷಣ. ಆಗ ನೀವು ಹೆಣಗಬೇಡಿ. ರಿವ್‌ನಟ್ ಗನ್ ಇರುವ ವರ್ಕ್‌ಶಾಪಿನಲ್ಲಿ ಹತ್ತು ನಿಮಿಷದ ಕೆಲಸ ಅದು.

ನಟ್ಟು ಗಟ್ಟಿಯಿದ್ದರೆ ಬೋಲ್ಟು ಪೂರ್ತಿ ಬಿಚ್ಚಿ, ಒರೆಸಿ, ತುದಿಯ ಥ್ರೆಡ್ಡಿಗೆ ನೀಲಿ ಥ್ರೆಡ್‌ಲಾಕರ್ ಒಂದೇ ಒಂದು ಹನಿ ಹಚ್ಚಿ ಬಿಗಿಯಿರಿ. ಒಂದೇ ಹನಿ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಈ ದ್ರವ ಲೋಹಕ್ಕೆ ಮಿತ್ರ, ಪ್ಲಾಸ್ಟಿಕ್ಕಿಗೆ ಶತ್ರು. ಒಸರಿ ಪ್ಲೇಟಿಗೆ ತಾಗಿದರೆ, ಬಿಗಿತದಲ್ಲಿರುವ ಪ್ಲಾಸ್ಟಿಕ್ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಅಲ್ಯೂಮಿನಿಯಂ ಫ್ರೇಮು ಮೆದು, ಹಾಗಾಗಿ ಅಲೆನ್ ಕೀಯ ಗಿಡ್ಡ ತುದಿ ಹಿಡಿದು ಬಿಗಿದಷ್ಟು ಬಿಗಿತ ಸಾಕು. ‘ಇನ್ನೊಂದು ಸುತ್ತು ಇರಲಿ’ ಎಂದರೆ ಥ್ರೆಡ್ ಹೋಯಿತು. ಕಳೆದುಹೋದ ಬೋಲ್ಟಿಗೆ ಬದಲು ಉದ್ದದ್ದನ್ನು ಹಾಕುವ ಚಾಳಿಯೂ ಅಪಾಯದ್ದು. ಡೌನ್ ಟ್ಯೂಬಿನೊಳಗೆ ಹಾದುಹೋಗುವ ಕೇಬಲ್ಲನ್ನು ಅದು ಚುಚ್ಚುತ್ತದೆ.

ಪ್ಲೇಟು ಚಪ್ಪಟೆ, ಟ್ಯೂಬು ದುಂಡಗೆ ಅಥವಾ ಬಾಗಿ ಇರುತ್ತದೆ. ಎರಡರ ನಡುವಿನ ಸಂದು ಲೆಕ್ಕಿಸದೆ ಬಿಗಿದರೆ ಪ್ಲೇಟು ಬಿಲ್ಲಿನಂತೆ ಬಾಗಿ, ಬ್ಯಾಟರಿಯ ಪಿನ್ನುಗಳು ಓರೆಯಾಗಿ ಕೂರುತ್ತವೆ. ಸಂದಿದ್ದಲ್ಲಿ ವಾಷರ್ ಕೊಡಿ. ಬ್ಯಾಟರಿ ಮತ್ತು ಪ್ಲೇಟಿನ ನಡುವೆ ಕಟಕಟ ಸದ್ದಿದ್ದರೆ, ಹಳೆಯ ಸೈಕಲ್ ಟ್ಯೂಬಿನ ತೆಳು ಪಟ್ಟಿಯನ್ನು ಉದ್ದದ ಅಂಚುಗಳಿಗೆ ಅಂಟಿಸಿ. ಪಿನ್ನುಗಳ ಬುಡಕ್ಕೆ ಮಾತ್ರ ಅಂಟಿಸಬೇಡಿ, ಬ್ಯಾಟರಿ ಮೇಲೆದ್ದು ಸಂಪರ್ಕ ಇನ್ನೂ ಕೆಡುತ್ತದೆ. ಮಣ್ಣುದಾರಿಗೆ ಹೋಗುವ ದಿನ ಬ್ಯಾಟರಿಯನ್ನೂ ಡೌನ್ ಟ್ಯೂಬನ್ನೂ ಸೇರಿಸಿ ಒಂದು ವೆಲ್ಕ್ರೋ ಪಟ್ಟಿ ಬಿಗಿಯಿರಿ. ನೋಡಲು ಚೆನ್ನಾಗಿರುವುದಿಲ್ಲ, ನಿಜ. ಆದರೆ ಬೀಗದ ನಾಲಿಗೆ ಸವೆದ ಸೆಕೆಂಡ್ ಹ್ಯಾಂಡ್ ಬೈಕಿಗೆ ಇಷ್ಟು ಅಗ್ಗದ ಭದ್ರತೆ ಇನ್ನೊಂದಿಲ್ಲ.

ಈಗ ಕಾಂಟ್ಯಾಕ್ಟಿಗೆ ಬನ್ನಿ. ಟಾರ್ಚು ಹಿಡಿದು ಪಿನ್ನುಗಳ ಬಣ್ಣ ನೋಡಿ. ಬೆಳ್ಳಗೆ ಹೊಳೆಯುತ್ತಿದ್ದರೆ ಆರೋಗ್ಯ, ಹಸಿರಾಗಿದ್ದರೆ ಕಿಲುಬು, ಸಣ್ಣ ಸಣ್ಣ ಕುಳಿ ಬಿದ್ದು ಕರಿ ಹಿಡಿದಿದ್ದರೆ ಕಿಡಿ ಹಾರಿದ ಗುರುತು. ಇವೆಲ್ಲಕ್ಕಿಂತ ಮೋಸದ್ದು ಮಾಸಲು ಬೂದು. ತವರದ ಲೇಪ ಇರುವ ಎರಡು ಲೋಹಗಳು ಕಣ್ಣಿಗೆ ಕಾಣದಷ್ಟು ಅಲುಗಿದರೂ ಸಾಕು, ಲೇಪ ಪುಡಿಯಾಗಿ ಉದುರುತ್ತದೆ, ಆ ಪುಡಿ ಗಾಳಿಗೆ ಆಕ್ಸೈಡ್ ಆಗಿ ನಡುವೆ ಸಿಕ್ಕಿಕೊಳ್ಳುತ್ತದೆ. ಬಿಗಿಯಾಗಿ ಕೂತಂತೆ ಕಂಡರೂ ಕರೆಂಟು ಹಾಯಲು ತಡೆ. ತಟ್ಟಿದಾಗ ಪುಡಿ ಸರಿದು ಹೊಸ ಲೋಹ ತಾಗುತ್ತದೆ. ನಿಮ್ಮ ಅಂಗೈಯ ಪವಾಡ ಇದೇ. ತಡೆ ಎಷ್ಟೆಂದರೆ, ಹತ್ತನೇ ಒಂದು ಓಮ್ ಎಂದು ಹಿಡಿಯಿರಿ. ಹದಿನೈದು ಆಂಪಿಯರ್ ಹಾಯುವಾಗ ಅಲ್ಲಿ ಹುಟ್ಟುವ ಬಿಸಿ 22 ವ್ಯಾಟಿಗೂ ಹೆಚ್ಚು. ರೇಡಿಯೋ ರಿಪೇರಿಯವರ ಸೋಲ್ಡರಿಂಗ್ ಐರನ್ 25 ವ್ಯಾಟಿನದು. ಪ್ಲಾಸ್ಟಿಕ್ ಕರಗಿದರೆ ಆಶ್ಚರ್ಯವೇನು?

ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಅಥವಾ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇಯಿಂದ ಒರೆಸಿ, ಪೂರ್ತಿ ಒಣಗಲು ಬಿಡಿ. ಬ್ಯಾಟರಿ ಬದಿಯನ್ನು ಒಂದು ಸಲಕ್ಕೆ ಒಂದೇ ಪಿನ್ನಿನಂತೆ ಒರೆಸಿ, ಲೋಹದ ಬ್ರಶ್ ಬೇಡವೇ ಬೇಡ. ಉಪ್ಪುಕಾಗದವೂ ಬೇಡ. ಉಜ್ಜಿದ ದಿನ ಫಳಫಳ ಎನ್ನುತ್ತದೆ, ಆದರೆ ಲೇಪ ಹೋಗಿ ಬಯಲಾದ ತಾಮ್ರ, ಹಿತ್ತಾಳೆಗೆ ತ್ರಿಪ್ಲಿಕೇನ್‌ನ ಗಾಳಿ ಬಹಳ ದಿನ ಬಿಡುವುದಿಲ್ಲ. ನಿಮ್ಮ ಪೈಕ್ರಾಫ್ಟ್ಸ್ ರೋಡು, ಅಂದರೆ ಈಗಿನ ಭಾರತಿ ಸಾಲೈ, ನೇರ ಮರೀನಾಕ್ಕೆ ಹೋಗಿ ಮುಟ್ಟುತ್ತದೆ. ಆ ಗಾಳಿಯ ಉಪ್ಪು ಲೋಹದ ಮೇಲೆ ಕೂತು ತೇವ ಎಳೆದುಕೊಳ್ಳುತ್ತದೆ. ತೀರ್ಥಹಳ್ಳಿಯ ಮಳೆ ಎಷ್ಟೇ ಜೋರಿದ್ದರೂ ಅದರಲ್ಲಿ ಈ ಉಪ್ಪಿಲ್ಲ. ಆದ್ದರಿಂದ ಒರೆಸಿದ ಮೇಲೆ ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಸವರಿ. ಬೀಚ್ ಕಡೆ ಹೋಗಿ ಬಂದರೆ ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಲ್ಲಿ ಸೈಕಲ್ ಒರೆಸುವುದು ಸಾಕು. ವಾಟರ್ ಸರ್ವಿಸ್‌ನವರ ಪೈಪಿಗೆ ಮಾತ್ರ ಒಡ್ಡಬೇಡಿ.

ಒರೆಸಿದರೂ ಸರಿಹೋಗದಿದ್ದರೆ ಪ್ಲೇಟನ್ನು ಕಳಚಿ ಹಿಂಬದಿ ನೋಡಿ. ಅಗ್ಗದ ಪ್ಲೇಟುಗಳಲ್ಲಿ ತಂತಿಯನ್ನು ಪಿನ್ನಿಗೆ ಬರೀ ಬೆಸುಗೆ ಹಾಕಿ ಬಿಟ್ಟಿರುತ್ತಾರೆ. ಕಂಪನಕ್ಕೆ ಆ ಬೆಸುಗೆ ಬಿರಿಯುತ್ತದೆ. ನೋಡಲು ಅಂಟಿಕೊಂಡೇ ಇರುತ್ತದೆ, ಮೆಲ್ಲಗೆ ಎಳೆದರೆ ಗುಟ್ಟು ರಟ್ಟು. ಹೊಸದಾಗಿ ಬೆಸೆದು, ತಂತಿ ನೇತಾಡದಂತೆ ಟೈ ಹಾಕಿ. ಪಿನ್ನುಗಳು ಕುಳಿಬಿದ್ದು ಸುತ್ತಲ ಪ್ಲಾಸ್ಟಿಕ್ ಕರಗಿದ್ದರೆ ರಿಪೇರಿಗೆ ಕೂರದೆ ಪ್ಲೇಟನ್ನೇ ಬದಲಿಸಿ. ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗಳಿರುವ ರಿಚಿ ಸ್ಟ್ರೀಟ್ ನಿಮಗೆ ನಡೆದು ಹೋಗುವಷ್ಟು ಹತ್ತಿರ. ತಂತಿ ಜೋಡಿಸುವ ಎಕ್ಸ್‌ಟಿ60 ಕನೆಕ್ಟರ್, ಸಿಲಿಕೋನ್ ಹೊದಿಕೆಯ ದಪ್ಪ ತಂತಿ, ಮಲ್ಟಿಮೀಟರ್ ಅಲ್ಲಿ ಕೇಳಿ. ಬೇಸ್ ಪ್ಲೇಟಿಗೆ ಮಾತ್ರ ಸೈಕಲ್ ಕಂಪನಿಯ ಡೀಲರೇ ಗತಿ. ಹೋಗುವಾಗ ಹಳೆಯ ಪ್ಲೇಟನ್ನೂ ಬ್ಯಾಟರಿಯನ್ನೂ ಒಯ್ಯಿರಿ. ಪಿನ್ನಿನ ಸಂಖ್ಯೆ ಒಂದೇ ಇದ್ದರೂ ಪ್ಲಸ್ ಮೈನಸ್ ಅದಲುಬದಲಾಗಿರುವುದುಂಟು. ತಿರುಗಿಸಿ ಕೊಟ್ಟರೆ ಕಂಟ್ರೋಲರ್ ಕ್ಷಣದಲ್ಲಿ ಸುಟ್ಟುಹೋಗುತ್ತದೆ.

ಇಷ್ಟನ್ನು ನೀವೇ ಮಾಡಬಹುದು. ಪ್ಯಾಕಿನ ಮುಚ್ಚಳ ಬಿಚ್ಚುವುದನ್ನು ಮಾತ್ರ ಮಾಡಬೇಡಿ, ಮಾಡಿಕೊಡುತ್ತೇನೆ ಎನ್ನುವ ದಾರಿಬದಿಯವರಿಗೂ ಕೊಡಬೇಡಿ. ಒಳಗಿನ ಸೆಲ್ಲು ಕೆರಳಿದರೆ ಬೆಂಕಿಯೇ. ವೆಲ್ಲೂರಿನಲ್ಲಿ 2022ರ ಮಾರ್ಚ್‌ನಲ್ಲಿ ರಾತ್ರಿ ಮನೆಯಲ್ಲಿ ಚಾರ್ಜಿಗಿಟ್ಟಿದ್ದ ಎಲೆಕ್ಟ್ರಿಕ್ ಸ್ಕೂಟರಿಗೆ ಬೆಂಕಿ ಹತ್ತಿ, ಹೊಗೆಗೆ ಉಸಿರುಕಟ್ಟಿ ತಂದೆ–ಮಗಳು ತೀರಿಕೊಂಡರು. ನ್ಯೂಯಾರ್ಕ್ ನಗರದಲ್ಲಿ 2023 ಒಂದೇ ವರ್ಷ ಲಿಥಿಯಂ ಬ್ಯಾಟರಿಯಿಂದ 268 ಬೆಂಕಿ ಅನಾಹುತಗಳಾಗಿ 18 ಜನ ಸತ್ತರು. ಮ್ಯಾನ್ಷನ್ನುಗಳ ಮೆಟ್ಟಿಲು ಕಿರಿದು, ರೂಮಿಗೆ ಬಾಗಿಲು ಒಂದೇ. ಚಾರ್ಜಿಂಗ್ ಬಾಗಿಲ ಬಳಿ ಬೇಡ, ಮಂಚದ ಕೆಳಗೆ ಬೇಡ, ನೀವು ಮಲಗಿರುವಾಗ ಬೇಡ. ಇನ್ನೊಂದು: ಮೊದಲು ಕೊಂಡವರು ಯಾರೆಂದು ಗೊತ್ತಿಲ್ಲದ ಬೈಕು, 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದ ನೆರೆಯಲ್ಲಿ ನಿಂತಿತ್ತೇ ಎಂದು ಮಾರಿದವರನ್ನು ಕೇಳಿ. ನೀರಿನಲ್ಲಿ ಮುಳುಗೆದ್ದ ಪ್ಯಾಕು ತಿಂಗಳುಗಟ್ಟಲೆ ಚೆನ್ನಾಗಿದ್ದು ಒಂದು ದಿನ ಕೆರಳಬಹುದು. ಅಂಥದ್ದಾದರೆ ಮಾತ್ರ ನಾನೂ ಅಂಗಡಿಯವರ ಪಕ್ಷ, ಹೊಸ ಬ್ಯಾಟರಿ ಕೊಳ್ಳಿ. ಕೊಳ್ಳುವುದಾದರೆ 36 ವೋಲ್ಟಿನದ್ದೇ ಇರಲಿ. 48 ಹಾಕಿದರೆ ಜೋರು ಓಡುತ್ತದೆ ಎಂದು ಹೇಳುವವರು ಸಿಗುತ್ತಾರೆ. ಕಂಟ್ರೋಲರ್ ಸುಡುವುದು ಒಂದು ಕಡೆಗಿರಲಿ, 250 ವ್ಯಾಟ್, ಗಂಟೆಗೆ 25 ಕಿ.ಮೀ. ಮಿತಿ ದಾಟಿದರೆ ಅದು ಕಾನೂನಿನ ಕಣ್ಣಲ್ಲಿ ನೋಂದಣಿ, ಲೈಸೆನ್ಸ್ ಬೇಕಾದ ಮೋಟಾರು ವಾಹನ.

ಏಲಗಿರಿ ಹತ್ತುವ ಆಸೆ ಎಂದಿರಿ. ಖಂಡಿತ ಹೋಗಬಹುದು. ಹದಿನಾಲ್ಕು ಹೇರ್‌ಪಿನ್ ತಿರುವು ಇರುವ ಘಾಟಿ ಅದು, ಸೈಕಲ್ಲಿನವರಿಗೆ ಹಬ್ಬ. ನೀವೂ ಬೈಕೂ ಸೇರಿ ನೂರು ಕೆಜಿ ಎಂದುಕೊಂಡರೆ, ಪ್ರತಿ 100 ಮೀಟರ್ ಎತ್ತರಕ್ಕೆ ಲೆಕ್ಕದ ಪ್ರಕಾರವೇ 27 ವ್ಯಾಟ್ ಅವರ್ ಬೇಕು. ಮೋಟಾರಿನ ನಷ್ಟ ಸೇರಿಸಿದರೆ 35ರ ಮೇಲೆ. ನಿಮ್ಮ ಪ್ಯಾಕು 10 ಆಂಪಿಯರ್ ಅವರ್‌ನದಾದರೆ ಒಟ್ಟು 360, ಅದರಲ್ಲಿ ಹಳತಾದ್ದಕ್ಕೆ ಒಂದಿಷ್ಟು ಕಳೆಯಿರಿ. ಕಾಲಿಗೂ ಕೆಲಸ ಕೊಟ್ಟರೆ ಸಾಲುತ್ತದೆ. ಆದರೆ ಚೆನ್ನೈ ಸಪಾಟು ಊರು, ಅಲ್ಲಿ ಕಾಂಟ್ಯಾಕ್ಟಿಗೆ ಪೂರ್ತಿ ಭಾರ ಬೀಳುವುದು ಫ್ಲೈಓವರಿನ ಅರೆ ನಿಮಿಷ ಮಾತ್ರ. ಘಾಟಿಯಲ್ಲಿ ಬಿಡುವೇ ಇಲ್ಲ. ನಾಲ್ಕನೆಯ ತಿರುವಿನಲ್ಲಿ ಇಳಿದು, ಬ್ಯಾಟರಿ ಪ್ಲೇಟಿಗೆ ಸೇರುವ ಜಾಗವನ್ನು ಬೆರಳಲ್ಲಿ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಮುಂದುವರಿಯಿರಿ. ಬೆರಳಿಡಲಾಗದಷ್ಟು ಸುಡುತ್ತಿದ್ದರೆ ಸ್ವಿಚ್ ಆಫ್ ಮಾಡಿ ಅಲ್ಲಿಂದಲೇ ಇಳಿದುಬನ್ನಿ, ಇಳಿಜಾರಿಗೆ ಹೇಗೂ ಮೋಟಾರು ಬೇಡ.